ಗುಂಪಿಗೆ ಕೂಗಿ ಹೇಳುತ್ತಿದ್ದ ಕಾಕಾ

ಕೂಗುವಾಗ ಕಾಕಾನ ಕತ್ತಿನ ಎಡಬದಿಯಲ್ಲಿ ಒಂದು ನರ ಕಿರುಬೆರಳಿನಷ್ಟು ದಪ್ಪಗೆ ಉಬ್ಬಿ ನಿಲ್ಲುತ್ತಿತ್ತು. ಆಳು ಕುಳ್ಳ, ಮೈಯಲ್ಲಿ ಮಾಂಸವೂ ಹೆಚ್ಚಿರಲಿಲ್ಲ. ಎದೆ ಮಾತ್ರ ಮದ್ದಲೆಯ ಹಾಗೆ ದುಂಡಗೆ ಇತ್ತು. ಎರಡೂ ಅಂಗೈಗಳನ್ನು ಬಾಯಿಯ ಅಕ್ಕಪಕ್ಕ ಅಡ್ಡ ಹಿಡಿದು ಅವರು "ಗಾಡೀ ಆ ಗಯೀ" ಎಂದು ಕೂಗಿದರೆ, ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಕ್ಯಾಂಪಿನ ಕೊನೆಯ ಸಾಲಿನಲ್ಲಿ ಏಸಿಯ ಗುರುಗುಟ್ಟುವಿಕೆಯ ನಡುವೆ ನಿದ್ದೆಹೋದವನಿಗೂ ಎಚ್ಚರವಾಗುತ್ತಿತ್ತು. ಕಂಪನಿ ಅವರಿಗೆ ಬ್ಯಾಟರಿಯ ಮೈಕೊಂದನ್ನು ಕೊಟ್ಟಿತ್ತು, ಪೊಲೀಸರು ಕೈಯಲ್ಲಿ ಹಿಡಿದು ಮಾತಾಡುವಂಥದು. ಅದು ಬಂದಾಗಿನ ಪ್ಲಾಸ್ಟಿಕ್ ಹೊದಿಕೆಯೊಳಗೇ ಮೆಸ್ಸಿನ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ನಾನು ಅಲ್ಲಿದ್ದಷ್ಟು ಕಾಲ ಕಾಕಾ ಅದನ್ನು ಮುಟ್ಟಿದ್ದನ್ನು ನೋಡಲಿಲ್ಲ.

ಅವರು ನಮ್ಮ ಕ್ಯಾಂಪ್ ಬಾಸ್. ಅಂದರೆ ಕೂಲಿಯವರು, ಗಾರೆಯವರು, ಬಡಗಿಗಳು, ನನ್ನಂಥ ಒಂಟಿ ಎಂಜಿನಿಯರುಗಳು, ಎಲ್ಲರ ಊಟ, ಹಾಸಿಗೆ, ನೀರು, ಬಸ್ಸು, ಜ್ವರ, ಜಗಳಗಳನ್ನು ನೋಡಿಕೊಳ್ಳುವವರು. ಮಂಗಳೂರಿನ ಕಡೆಯವರು, ಮನೆಮಾತು ತುಳು. ಕನ್ನಡ, ಇಂಗ್ಲಿಷ್, ಹಿಂದಿ, ಮಲಯಾಳ, ತಮಿಳು, ಸಾಲದ್ದಕ್ಕೆ ಬಜಾರಿನ ಅರಬ್ಬಿ, ಎಲ್ಲವೂ ಅವರ ನಾಲಿಗೆಯ ಮೇಲಿದ್ದವು. ನಾನು ಗದಗಿನ ಕಡೆಯಿಂದ ಹೋದವನು. ಮೊದಲ ದಿನವೇ ರೂಢಿಯಂತೆ "ಕಾಕಾ" ಎಂದು ಕರೆದುಬಿಟ್ಟೆ. ಅವರು ನಕ್ಕರು.

"ನಮ್ಮಲ್ಲಿ ಕಾಕ ಅಂತ ಮುಸ್ಲಿಂ ಬ್ಯಾರಿಗಳಲ್ಲಿ ದೊಡ್ಡವರನ್ನು ಕರಿಯುದು ಮಾರಾಯ. ನನ್ನ ಹೆಂಡತಿ ಕೇಳಿದ್ರೆ ಗಾಬರಿ ಆದಾಳು."

"ನಮ್ಮ ಕಡೆ ಅಪ್ಪನ ತಮ್ಮಗ ಕಾಕಾ ಅಂತೀವ್ರಿ."

"ಹಾಗಾದ್ರೆ ಇರ್ಲಿ. ಅಣ್ಣ ಇಲ್ಲದವನಿಗೆ ಒಬ್ಬ ಅಣ್ಣನ ಮಗ ಸಿಕ್ಕಿದ ಹಾಗಾಯ್ತು."

ಅವತ್ತಿನಿಂದ ಅವರು ನನಗಷ್ಟೇ ಅಲ್ಲ, ಇಡೀ ಕ್ಯಾಂಪಿಗೆ ಕಾಕಾ ಆದರು.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಯಾರು ಏನು ಕೇಳಿದರೂ ತಟ್ಟನೆ ಉತ್ತರ ಹೇಳುತ್ತಿರಲಿಲ್ಲ. "ಕಾಕಾ, ಬಸ್ಸು ಬಂತಾ?" ಎಂದರೆ ಗೇಟಿನ ತನಕ ನಡೆದು, ರಸ್ತೆ ನೋಡಿ, ವಾಪಸು ಬಂದು ಹೇಳುವರು. ಸಾಂಬಾರಿಗೆ ಉಪ್ಪು ಸರಿಯಿದೆಯಾ ಎಂದರೆ ಸೌಟು ಬೇಡಿ ರುಚಿ ನೋಡುವರು. ಫೋನಿನಲ್ಲಿ ಬಂದ ಸುದ್ದಿಯನ್ನು ತಿಳಿಸುವಾಗ "ಇದು ನಾನು ನೋಡಿದ್ದಲ್ಲ, ಆಫೀಸಿನವರು ಹೇಳಿದ್ದು" ಎಂದು ಮೊದಲೇ ಸೇರಿಸುವರು. ಹುಡುಗರು ಇದನ್ನು ಅಣಕಿಸಿ ನಗುತ್ತಿದ್ದರು. ಕಾಕಾ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾನೂ ಅದನ್ನು ವಯಸ್ಸಿನ ಚಾಳಿ ಎಂದೇ ತಿಳಿದಿದ್ದೆ.

ಶುಕ್ರವಾರ ರಜೆ. ಮಧ್ಯಾಹ್ನದ ಊಟವಾದ ಮೇಲೆ ಮೆಸ್ಸಿನಲ್ಲಿ ಅವರ ಸುತ್ತ ನಾಲ್ಕು ಜನ ಸೇರುತ್ತಿದ್ದೆವು. ಆಗ ಅವರು "ನಮ್ಮ ಪಿಚ್ಚರ್" ಕಥೆ ತೆಗೆಯುತ್ತಿದ್ದರು. ಕಾಕಾ ಇಪ್ಪತ್ತರ ಹುಡುಗನಾಗಿದ್ದಾಗ ಅವರೂರಿನ ಹೊಳೆಯ ದಂಡೆಗೆ ಹಾಲಿವುಡ್‌ನಿಂದ ಒಂದು ತಂಡ ಸಿನಿಮಾ ತೆಗೆಯಲು ಬಂದಿತ್ತು. ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತ ಹುಡುಗನೆಂದು ಇವರನ್ನು ಹಿಡಿದು ಕೈಗೆ ತಗಡಿನ ತುತ್ತೂರಿಯೊಂದನ್ನು ಕೊಟ್ಟರು. ನಿರ್ದೇಶಕ ಇಂಗ್ಲಿಷಿನಲ್ಲಿ ಹೇಳಿದ್ದನ್ನು ತುಳುವಿನಲ್ಲಿ ಊರವರ ಗುಂಪಿಗೆ ಕೂಗಿ ಹೇಳುವುದು ಇವರ ಕೆಲಸ. ಆ ಚಿತ್ರ ಮುಂದೆ ಲೋಕಪ್ರಸಿದ್ಧವಾಯಿತು. ಅದರ ಹೆಸರನ್ನು ಕಾಕಾ ಬಾಯಲ್ಲಿ ತರುತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ನಿರ್ದೇಶಕ ದಪ್ಪ ಮನುಷ್ಯನಂತೆ. ಹೊಟ್ಟೆ ಕೆಡುವ ಹೆದರಿಕೆಗೆ ಬಂದ ದಿನದಿಂದ ಹೋಗುವ ದಿನದವರೆಗೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಬಿಟ್ಟು ಬೇರೇನೂ ತಿನ್ನಲಿಲ್ಲ. ನಾಯಕ ಆರಡಿ ಮೀರಿದ ಆಳು, ಪರದೆಯ ಮೇಲೆ ಪ್ರವಾಹದಲ್ಲಿ ಜನರನ್ನು ಎತ್ತಿ ದಡ ಸೇರಿಸುವವನು. ನಿಜದಲ್ಲಿ ದೋಣಿ ಹತ್ತಲೂ ಅಂಜುತ್ತಿದ್ದ, ದೋಣಿಯವನ ಭುಜ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ. ಧ್ವನಿ ಹಿಡಿಯುವವನು ಕಿವಿಗೆ ಕರಿಯ ಬಟ್ಟಲು ಕಟ್ಟಿಕೊಂಡು, ಕಾಗೆ ಕೂಗಿದಾಗಲೆಲ್ಲ "ಅದನ್ನು ನಿಲ್ಲಿಸು" ಎಂದು ಇವರನ್ನು ಬೇಡುತ್ತಿದ್ದ.

"ಕಾಗೆಗೆ ಯಾವ ಭಾಷೆಯಲ್ಲಿ ಹೇಳುದು ಮಾರಾಯ? ನನಗೆ ಏಳೇ ಬರುದು!" ಎಂದು ಕಾಕಾ ಹೊಟ್ಟೆ ಹಿಡಿದು ನಗುವರು.

ನಾಯಕಿಯ ಮೇಲೆ ಅವರಿಗೆ ವಿಶೇಷ ಮಮತೆ. ಆಕೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಲೇ ದಾರಿಯಲ್ಲಿ ಹೋಗುವ ಹೆಂಗಸರಿಗೆಲ್ಲ "ವಣಸ್ ಆಂಡಾ?" ಎನ್ನುತ್ತಿದ್ದಳಂತೆ, ಊಟವಾಯಿತಾ ಎಂದು ತುಳುವಿನಲ್ಲಿ. ಸೂರ್ಯ ಮೂಡುವ ಮುಂಚೆ ಊಟದ ಮಾತು ಕೇಳಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವರು. ಕ್ಯಾಮೆರಾದವನೊಬ್ಬ ಮಾತ್ರ ಯಾರ ಜೊತೆಯೂ ಸೇರದೆ ಮೋಡ ನೋಡುತ್ತ ನಿಂತಿರುತ್ತಿದ್ದ.

ಇಷ್ಟಕ್ಕೆ ಕಥೆ ನಿಲ್ಲುತ್ತಿತ್ತು. "ಆಮೇಲೆ ಪ್ರವಾಹದ ಸೀನು ಹೆಂಗ ತೆಗದ್ರು ಕಾಕಾ?" ಎಂದು ಯಾರಾದರೂ ಕೇಳಿದರೆ, ಅವರಿಗೆ ಆ ಗಳಿಗೆಯಲ್ಲಿ ನೀರಿನ ಟ್ಯಾಂಕಿನ ವಾಲ್ವು ನೆನಪಾಗುತ್ತಿತ್ತು, ಇಲ್ಲವೇ ಅಡಿಗೆಯವನಿಗೆ ಏನೋ ಹೇಳುವುದಿರುತ್ತಿತ್ತು. ಎದ್ದು ಹೋಗುವರು.

ಅದು ಎಣ್ಣೆಯ ಬೆಲೆ ನೆಲಕಚ್ಚಿದ ಕಾಲ. ಮೊದಮೊದಲು ಅದು ಪೇಪರಿನ ಸುದ್ದಿಯಾಗಿತ್ತು. ಆಮೇಲೆ ಪಕ್ಕದ ಬಡಾವಣೆ ಖುರುಮ್‌ನಲ್ಲಿ ನಾವು ಕಟ್ಟುತ್ತಿದ್ದ ಆಫೀಸಿನ ಕಟ್ಟಡ ಮೂರನೇ ಮಹಡಿಗೆ ನಿಂತಿತು. ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖ ಮಾಡಿ ತುಕ್ಕು ಹಿಡಿಯತೊಡಗಿದವು. ಅಜೈಬಾದ ಫ್ಲಾಟುಗಳ ಕಿಟಕಿಗಳಿಂದ ಒಂದೊಂದಾಗಿ ಪರದೆಗಳು ಇಳಿದವು. ಸಂಸಾರಸ್ಥರು ಸೋಫಾ, ಮಕ್ಕಳ ತೊಟ್ಟಿಲು, ಫ್ರಿಜ್ಜುಗಳನ್ನು ರಸ್ತೆಬದಿಗೆ ತಂದಿಟ್ಟು ಊರಿಗೆ ಹೊರಟರು. ವಿಮಾನ ನಿಲ್ದಾಣದ ಹೊರಗೆ ಧೂಳು ಮೆತ್ತಿದ ಕಾರುಗಳು ನಿಂತಲ್ಲೇ ನಿಂತಿರುತ್ತಿದ್ದವು. ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ನಿನ್ನೆ ಎದುರಿಗಿದ್ದವನ ಜಾಗ ಇವತ್ತು ಖಾಲಿ. ಯಾರೂ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಗೇಟಿನಲ್ಲಿ ಆಫೀಸಿನ ಬಿಳಿ ಪಿಕಪ್ ನಿಂತ ಸದ್ದಾದರೆ ಎಲ್ಲರ ಕೈಯಲ್ಲಿನ ತುತ್ತು ಅಲ್ಲೇ ನಿಲ್ಲುತ್ತಿತ್ತು. ಅವತ್ತು ಯಾರ ಹೆಸರು ಕರೆಯುತ್ತಾರೋ!

ಅಂಥ ಒಂದು ಶುಕ್ರವಾರ, ಎಲ್ಲರ ಮನಸ್ಸು ಸ್ವಲ್ಪ ಹಗುರವಾಗಲಿ ಎಂದು ನಮ್ಮ ಸ್ಟೋರ್‌ಕೀಪರ್ ಕೇರಳದವನು ಖುರುಮ್‌ನ ವಿಡಿಯೋ ಅಂಗಡಿಯಿಂದ ಕ್ಯಾಸೆಟ್ಟೊಂದನ್ನು ತಂದ. ಕಾಕಾನ ಪಿಚ್ಚರು! ಅವರು ಹೇಳುತ್ತಿದ್ದ ಕಥೆಯಿಂದಲೇ ಅದು ಯಾವುದೆಂದು ಪತ್ತೆ ಹಚ್ಚಿದ್ದ. ಅವರಿಗೆ ಮೊದಲೇ ಹೇಳಬಾರದು ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಊಟವಾದ ಮೇಲೆ ಮೆಸ್ಸಿನ ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ, ಕಾಕಾನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ವಿಸಿಆರ್ ಹಚ್ಚಿದ. ಹೆಸರು ಬಂದೊಡನೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಏಳಲು ನೋಡಿದರು. ಹಿಂದಿನಿಂದ ಯಾರೋ ಭುಜ ಹಿಡಿದು ಕೂರಿಸಿದರು.

ಸ್ವಲ್ಪ ಹೊತ್ತಿನಲ್ಲಿ ಅವರೂ ಸಿನಿಮಾದೊಳಗೆ ಹೋದರು. ಆದರೆ ನಾವೆಲ್ಲ ನಾಯಕ ನಾಯಕಿಯರನ್ನು ನೋಡುತ್ತಿದ್ದರೆ ಅವರು ಹಿಂದಿನ ಗುಂಪನ್ನು ನೋಡುತ್ತಿದ್ದರು. "ಅಗೋ, ಆ ಬುಟ್ಟಿಯವ, ನಮ್ಮೂರ ಶೇಂದಿ ತೆಗೆಯುವವ. ಅವನ ಪಕ್ಕದಲ್ಲಿ ಮುಟ್ಟಾಳೆ ಟೊಪ್ಪಿ ಹಾಕಿದವನು ನನ್ನ ಸೋದರಮಾವ. ಆ ಹುಡುಗಿ ಈಗ ಅಜ್ಜಿ." ಪರದೆಯ ಮೇಲೆ ಕ್ಷಣಮಾತ್ರ ಹಾದುಹೋಗುವ ಮುಖಗಳಿಗೆ ಕಾಕಾ ಊರು, ಮನೆ, ಮಕ್ಕಳನ್ನು ಕೊಡುತ್ತಿದ್ದರು. ನಮಗೂ ಅದೇ ಹೆಚ್ಚು ರುಚಿಸಿತು.

ಪ್ರವಾಹದ ದೃಶ್ಯ ಬಂತು. ಕಾಕಾನ ಮಾತು ನಿಂತಿತು. ಮರಳುದಿಣ್ಣೆಯ ಮೇಲೆ ಹುಲ್ಲಿನ ಗುಡಿಸಲುಗಳು. ಊರವರು ಗುಂಪಾಗಿ ನಿಂತಿದ್ದಾರೆ. ದೂರದಲ್ಲಿ ನೀರಿನ ಕಂದು ಗೋಡೆ. ಹೆಂಗಸೊಬ್ಬಳು, ಮೂವತ್ತರ ಆಸುಪಾಸಿನವಳು, ಸೀರೆಯ ನೆರಿಗೆ ಎತ್ತಿ ಹಿಡಿದವಳು, ಒಮ್ಮೆಲೇ ತಿರುಗಿ ನೇರ ನಮ್ಮ ಕಡೆ ನೋಡಿದಳು. ನಟನೆಯಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಬಾಯಿ ಅರ್ಧ ತೆರೆದು, ಏನೋ ಹೇಳುತ್ತಾರೆಂದು ಕಾಯುವವರ ಹಾಗೆ. ಅಷ್ಟರಲ್ಲಿ ನೀರು ಬಂತು. ದೃಶ್ಯ ಬದಲಾಗಿ ನಾಯಕ ಈಜುತ್ತಿದ್ದ.

"ಅಬ್ಬಾ, ಆ ಹೆಂಗಸು ಎಂಥಾ ಆ್ಯಕ್ಟಿಂಗು!" ಎಂದ ಸ್ಟೋರ್‌ಕೀಪರ್.

ಕಾಕಾ ಎದ್ದು ಹೊರಗೆ ಹೋದರು. ಈ ಸಲ ಅವರನ್ನು ಯಾರೂ ಹಿಡಿದು ಕೂರಿಸಲಿಲ್ಲ.

ನಾನು ಹೊರಗೆ ಬಂದಾಗ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಅವರೇ ಹೇಳಿದರು.

"ಅವಳು ಕ್ಯಾಮೆರಾ ನೋಡಿದ್ದಲ್ಲ. ನನ್ನನ್ನು ನೋಡಿದ್ದು. ನಾನು ಕ್ಯಾಮೆರಾದ ಪಕ್ಕ ಅಟ್ಟಣಿಗೆ ಮೇಲೆ ನಿಂತಿದ್ದೆ."

ಹೊಳೆಗೆ ಮೇಲ್ಗಡೆ ಮರಳಿನ ಚೀಲ, ಮರದ ದಿಮ್ಮಿ ಹಾಕಿ ಒಡ್ಡು ಕಟ್ಟಿದ್ದರಂತೆ. ಒಡ್ಡು ಒಡೆದಾಗ ನೀರು ಮೊಣಕಾಲಿನವರೆಗೆ ಬರುತ್ತದೆ, ಕೆಂಪು ಬಾವುಟ ಬೀಳುವವರೆಗೆ ನಿಲ್ಲಬೇಕು, ಬಿದ್ದೊಡನೆ ದಡಕ್ಕೆ ಓಡಬೇಕು. ನಿರ್ದೇಶಕನ ಸಹಾಯಕ ಹೇಳಿದ್ದು ಇಷ್ಟು. "ನೀನು ಹೇಳು. ನಿನ್ನ ಮಾತಾದರೆ ಅವರು ನಂಬುತ್ತಾರೆ" ಎಂದನಂತೆ. ಇವರು ತುತ್ತೂರಿ ಹಿಡಿದು ಹೇಳಿದರು. ಹಿಂದಿನ ದಿನ ಘಟ್ಟದಲ್ಲಿ ಮಳೆಯಾಗಿತ್ತು. ಆ ಹೆಂಗಸು ದೋಣಿಯವನ ಹೆಂಡತಿ, ಆದರೂ ಈಜು ಬರದು. ಬಳಿಗೆ ಬಂದು ಕೇಳಿದಳಂತೆ: "ತಮ್ಮಾ, ನೀರು ಎಷ್ಟು ಬರ್ತದೆ?"

"ಮೊಣಕಾಲು ದಾಟುದಿಲ್ಲ ಅಕ್ಕ ಅಂದೆ. ನಾನು ಒಡ್ಡು ನೋಡಿರ್ಲಿಲ್ಲ. ಒಮ್ಮೆ ಹೋಗಿ ನೋಡುವ ಅಂತಲೂ ಅನ್ನಿಸಲಿಲ್ಲ. ಅವರು ಹೇಳಿದ್ದನ್ನು ನಾನು ಹೇಳಿದೆ."

"ಆಮ್ಯಾಲೆ?"

"ನೀರು ಸೊಂಟಕ್ಕೆ ಬಂತು. ಅವಳು ತಿರುಗಿ ನನ್ನನ್ನು ನೋಡಿದ್ಲು, ಓಡುದಾ ಅಂತ. ನಾನು ಬಾವುಟ ನೋಡಿದೆ. ಬಾವುಟ ಬೀಳ್ಲಿಲ್ಲ. ಚಿತ್ರ ಚಂದ ಬರ್ತಾ ಇತ್ತಂತೆ."

ಮತ್ತೆಲ್ಲರೂ ಹೇಗೋ ದಡ ಸೇರಿದರು. ಅವಳೊಬ್ಬಳು ಸೇರಲಿಲ್ಲ. ನಾಯಕಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಕ್ಯಾಮೆರಾದವನು ಕೆಲಸ ಬಿಟ್ಟು ಹೋದ. ಉಳಿದವರು ಬಾಕಿ ಸೀನು ಮುಗಿಸಿ ಹಡಗು ಹತ್ತಿದರು. ಚಿತ್ರದಲ್ಲಿ ಆ ದೃಶ್ಯ ಹಾಗೇ ಉಳಿಯಿತು.

"ಪ್ರತಿ ರಜೆಯಲ್ಲಿ ಆ ದೋಣಿಯವನ ಮನೆಗೆ ಹೋಗ್ತೇನೆ" ಎಂದರು ಕಾಕಾ. "ಮಜ್ಜಿಗೆ ಕೊಡ್ತಾನೆ. ಮಳೆ, ಮೀನು, ಮಕ್ಕಳ ಮದುವೆ ಎಲ್ಲ ಮಾತಾಡ್ತಾನೆ. ಅದೊಂದು ಕೇಳುದಿಲ್ಲ. ಒಮ್ಮೆ ಕೇಳಿದ್ರೆ, ಬೈದ್ರೆ, ಒಳ್ಳೇದಿತ್ತು."

ಒಳಗೆ ಸಿನಿಮಾ ಮುಗಿದು ಸಂಗೀತ ಕೇಳುತ್ತಿತ್ತು. ಅವತ್ತಿನ ಮೇಲೆ ಅವರು ಗೇಟಿನ ತನಕ ಹೋಗಿ ಬಸ್ಸು ನೋಡಿ ಬಂದಾಗ ನನಗೆ ನಗು ಬರಲಿಲ್ಲ.

ಇದಾಗಿ ಕೆಲವು ವಾರಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ನನ್ನನ್ನೂ ಕಾಕಾನನ್ನೂ ಆಫೀಸಿಗೆ ಕರೆದರು. ಅಜೈಬಾದ ಕ್ಯಾಂಪಿನ ಬಾಡಿಗೆ ಇನ್ನು ಕಂಪನಿಗೆ ಭಾರ. ಅದನ್ನು ಬಿಡುವುದೆಂದು ತೀರ್ಮಾನವಾಗಿದೆ. ವಿಮಾನ ನಿಲ್ದಾಣವಿದ್ದ ಸೀಬ್‌ನಿಂದ ಒಳಗೆ, ಬೆಟ್ಟಗಳ ಕಡೆ, ಕಂಪನಿಯ ಪೈಪು ಇಡುವ ಯಾರ್ಡು ಇತ್ತು. ಅಲ್ಲಿ ತಗಡಿನ ಪೋರ್ಟಾ ಕ್ಯಾಬಿನ್‌ಗಳನ್ನಿಟ್ಟು ಎಲ್ಲರನ್ನೂ ಸಾಗಿಸಬೇಕು. ಸೈಟ್ ಎಂಜಿನಿಯರ್ ಎಂದು ನಾನೂ ಅಲ್ಲೇ ಇರಬೇಕು. ನನ್ನ ಕ್ಯಾಬಿನ್ ಯಾವುದೆಂದು ಕೂಡ ನಕ್ಷೆಯಲ್ಲಿ ತೋರಿಸಿದರು, ಮೊದಲನೆಯದು.

"ನೋಡಿ ಬರ್ತೇವೆ ಸರ್" ಎಂದರು ಕಾಕಾ.

ಮರುದಿನ ಹೋದೆವು. ಯಾರ್ಡು ಇದ್ದದ್ದು ವಾದಿಯ ಒಳಗೇ. ವಾದಿ ಎಂದರೆ ಒಣಗಿದ ಹೊಳೆಯ ಪಾತ್ರ. ವರ್ಷಾನುಗಟ್ಟಲೆ ಅದರಲ್ಲಿ ಹನಿ ನೀರೂ ಇರುವುದಿಲ್ಲ. ಎರಡೂ ಕಡೆ ಬೋಳುಬೆಟ್ಟ. ನೆಲದ ತುಂಬ ನುಣುಪಾದ ಕಲ್ಲು. ಗಾಳಿಯಿಲ್ಲ. ಅಲ್ಲಿ ಮಾತಾಡಿದ್ದು ತುಸು ತಡವಾಗಿ ತಿರುಗಿ ಕೇಳಿಸುತ್ತಿತ್ತು. ನನಗೆ ಬಂದಾಗಿನಿಂದ ಅಲ್ಲಿಂದ ಹೋದರೆ ಸಾಕೆನ್ನಿಸಿತ್ತು. ನಡುವೆ ಜಾಲಿಯಂಥ ಮುಳ್ಳಿನ ಮರವೊಂದಿತ್ತು. ಅದರ ಮೇಲಿನ ಕೊಂಬೆಗಳಲ್ಲಿ ಒಣಹುಲ್ಲು, ಹಗ್ಗದ ತುಂಡು, ಹರಿದ ಪ್ಲಾಸ್ಟಿಕ್ಕು ಬಾಚಿಟ್ಟ ಹಾಗೆ ಒಂದೇ ದಿಕ್ಕಿಗೆ ಸಿಕ್ಕಿಕೊಂಡಿದ್ದವು.

"ಗಾಳಿಗೆ ಬಂದದ್ದಲ್ರಿ ಕಾಕಾ. ನೀರು ತಂದಿಟ್ಟದ್ದು" ಎಂದೆ.

ಕಾಕಾ ಮರದ ಕೆಳಗೆ ನಿಂತು ಕೈ ಚಾಚಿದರು. ಎಟುಕಲಿಲ್ಲ. ನಾನು ಚಾಚಿದೆ. ನನಗೂ ಎಟುಕಲಿಲ್ಲ.

ಯಾರ್ಡಿನ ಕಾವಲುಗಾರ ಅಲ್ಲಿಯದೇ ಹಳ್ಳಿಯ ಮುದುಕ, ಒಮಾನಿ. ಅವನ ಮಂಚ ಯಾರ್ಡಿನಲ್ಲಿರಲಿಲ್ಲ. ಎತ್ತರದ ದಂಡೆಯ ಮೇಲಿತ್ತು. ಆಡುಗಳನ್ನೂ ಅಲ್ಲೇ ಕಟ್ಟಿದ್ದ. ಇಲ್ಲಿ ಮನುಷ್ಯರು ಬಂದು ಇರುತ್ತಾರೆ ಎಂದು ಕಾಕಾ ಅರಬ್ಬಿಯಲ್ಲಿ ಹೇಳಿದಾಗ ಅವನು ಬೆಟ್ಟದ ಕಡೆ ಬೆರಳು ತೋರಿಸಿ ಏನೋ ಅಂದ.

"ಏನಂತಾನ್ರಿ?"

"ಅಲ್ಲಿ ಮಳೆ ಬಂದ್ರೆ ಇಲ್ಲಿ ಗೊತ್ತಾಗುದಿಲ್ಲ ಅಂತಾನೆ. ಇಲ್ಲಿ ಬಿಸಿಲೇ ಇರ್ತದಂತೆ."

ವಾಪಸು ಬಂದು ನಾನು ಮ್ಯಾನೇಜರಿಗೆ ಮರದ ವಿಷಯ ಹೇಳಿದೆ. ಅವರು ಕೆಟ್ಟ ಮನುಷ್ಯರೇನಲ್ಲ. ಅವರ ಮುಖವೂ ಆ ದಿನಗಳಲ್ಲಿ ನಿದ್ದೆಗೆಟ್ಟಂತಿತ್ತು. "ಯಾವ ಕಾಲದ ಕಸವೋ ಅದು. ನಾಲ್ಕು ವರ್ಷದಿಂದ ನಾನೊಂದು ಸರಿಯಾದ ಮಳೆ ನೋಡಿಲ್ಲ. ಕಾಲ ಸುಧಾರಿಸುವವರೆಗೆ ಮಾತ್ರ" ಎಂದರು. ಆಮೇಲೆ ಕಾಕಾನ ಕಡೆ ತಿರುಗಿ, "ಜಾಗ ಸುರಕ್ಷಿತ ಅಂತ ನೀವು ಹೇಳಿ. ನೀವು ಹೇಳಿದರೆ ಅವರು ಕೇಳುತ್ತಾರೆ" ಎಂದರು.

ಕಾಕಾನ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು.

ಹೊರಡುವ ದಿನ ಬೆಳಿಗ್ಗೆ ಮೂರು ಬಸ್ಸುಗಳು ಬಂದು ಗೇಟಿನಲ್ಲಿ ನಿಂತವು. ಹಾಸಿಗೆ, ಟ್ರಂಕುಗಳು ಬಸ್ಸಿನ ತಲೆಯ ಮೇಲೆ ಏರಿದವು. ಜನ ಅಂಗಳದಲ್ಲಿ ಸೇರಿದರು. ಮ್ಯಾನೇಜರ್ ಮೆಸ್ಸಿನ ಬಾಗಿಲ ಹಿಂದಿನಿಂದ ಬ್ಯಾಟರಿ ಮೈಕನ್ನು ತರಿಸಿ ಕಾಕಾನ ಕೈಗಿಟ್ಟರು. "ಯಲ್ಲಾ, ಬೇಗ ಹೇಳಿ ಮುಗಿಸಿ."

ಕಾಕಾ ಅದನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿಯಲಿಲ್ಲ. ಕೂಗಲೂ ಇಲ್ಲ. ಎಲ್ಲರೂ ಹತ್ತಿರ ಬರುವಂತೆ ಕೈಮಾಡಿದರು. ಮೊದಲು ಹಿಂದಿಯಲ್ಲಿ, ಆಮೇಲೆ ಮಲಯಾಳದಲ್ಲಿ, ತಮಿಳಿನಲ್ಲಿ, ಕೊನೆಗೆ ರಾಯಚೂರಿನ ಗಾರೆಯವರೂ ನಾನೂ ನಿಂತಿದ್ದ ಕಡೆ ತಿರುಗಿ ಕನ್ನಡದಲ್ಲಿ ಅದನ್ನೇ ಹೇಳಿದರು.

"ಸಾಹೇಬರು ಆ ಜಾಗ ಸೇಫ್ ಅಂತಾರೆ. ಅದು ಅವರ ಮಾತು. ನಾನು ಹೋಗಿ ನೋಡಿದ್ದೇನೆ. ಅಲ್ಲಿ ಮರದ ಮೇಲೆ ನೀರಿನ ಕಸ ಉಂಟು, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ. ಮತ್ತೆ ನೀರು ಬರ್ತದಾ, ಯಾವಾಗ ಬರ್ತದೆ, ನನಗೆ ಗೊತ್ತಿಲ್ಲ. ಆದ್ರೆ ಅಲ್ಲಿ ಮಲಗಿ ಅಂತ ನನ್ನ ಬಾಯಿಂದ ನಾನು ಹೇಳುದಿಲ್ಲ. ಹೋಗದಿದ್ರೆ ಕೆಲಸ ಹೋಗ್ಬಹುದು. ನನ್ನದಂತೂ ಹೋಗ್ತದೆ. ಇನ್ನು ನೀವು ಆಲೋಚನೆ ಮಾಡಿ."

ಮ್ಯಾನೇಜರಿಗೆ ಹಿಂದಿ ಅಷ್ಟು ಬರುತ್ತಿರಲಿಲ್ಲ. ಜನರ ಮುಖ ನೋಡಿಯೇ ಏನೋ ಆಗಿದೆಯೆಂದು ತಿಳಿದರು. ಪಂಜಾಬಿನ ಬಡಗಿಯೊಬ್ಬ ಬಸ್ಸಿನ ಏಣಿ ಹತ್ತಿ ತನ್ನ ಹಾಸಿಗೆಯ ಸುರುಳಿಯನ್ನು ಕೆಳಕ್ಕೆ ಎಸೆದ. ಧೂಳೆದ್ದಿತು. ಆಮೇಲೆ ಇನ್ನೊಬ್ಬ ಹತ್ತಿದ. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಗಂಟುಗಳನ್ನು ಇಳಿಸಿಕೊಂಡರು.

"ಖಲಾಸ್" ಎಂದು ಬಸ್ಸಿನ ಡ್ರೈವರ್ ಎಂಜಿನ್ ಆರಿಸಿದ.

ಎರಡು ಮೂರು ದಿನ ಎಳೆದಾಟ ನಡೆಯಿತು. ಕಫೀಲ್, ಅಂದರೆ ನಮ್ಮೆಲ್ಲರ ವೀಸಾದ ಒಡೆಯನಾದ ಒಮಾನಿ ಯಜಮಾನ, ಒಮ್ಮೆ ಬಂದು ನೋಡಿ ಹೋದ. ಕೊನೆಗೆ ಅರ್ಧ ಕ್ಯಾಂಪನ್ನು ಬಿಟ್ಟುಕೊಟ್ಟು, ಉಳಿದರ್ಧದಲ್ಲಿ ಎಲ್ಲರನ್ನೂ ತುಂಬಿದರು. ನಾಲ್ವರ ಕೋಣೆಯಲ್ಲಿ ಎಂಟು ಜನ. ಯಾರ್ಡಿಗೆ ಹೋಗಿದ್ದ ಪೋರ್ಟಾ ಕ್ಯಾಬಿನ್‌ಗಳಲ್ಲಿ ಸಿಮೆಂಟು, ಕೇಬಲ್ಲು ಇಟ್ಟು ಬೀಗ ಹಾಕಿದರು. ಕಾಕಾನ ವೀಸಾ ರದ್ದಾಯಿತು.

ಅವರು ಹೊರಡುವವರೆಗಿನ ಆ ವಾರಗಳು ನನಗೆ ಇಂದಿಗೂ ಕಹಿ. ಆ ಚಳಿಗಾಲದಲ್ಲಿ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ಒಂದು ಮೋಡವಿಲ್ಲ. ಉಸಿರುಗಟ್ಟಿಸುವ ಇಕ್ಕಟ್ಟಿನ ಕೋಣೆಗಳಲ್ಲಿ ಮಲಗಿದ ಜನ ಗೊಣಗತೊಡಗಿದರು. "ಕಾಕಾ, ಆಪ್ ಕಾ ಪಾನಿ ಕಬ್ ಆಯೇಗಾ?" ನಿಮ್ಮ ನೀರು ಯಾವಾಗ ಬರುತ್ತದೆ ಎಂದು ಊಟದ ಸಾಲಿನಲ್ಲಿ ಒಬ್ಬ ಕೇಳಿದ. ಸುತ್ತಲಿದ್ದವರು ನಕ್ಕರು. ತಟ್ಟೆ ಹಿಡಿದು ನಿಂತಿದ್ದ ಕಾಕಾ ತಾವೂ ಒಂದಿಷ್ಟು ನಕ್ಕು ಮುಂದೆ ಸರಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಅವರು ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದರು.

ಸೀಬ್‌ನ ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ಹತ್ತು ಹದಿನೈದು ವರ್ಷ ದುಡಿದ ಮನುಷ್ಯನ ಬಳಿ ಒಂದು ಸೂಟ್‌ಕೇಸು, ಹಗ್ಗ ಕಟ್ಟಿದ ಒಂದು ಟೇಪ್ ರೆಕಾರ್ಡರ್.

"ಮಳಿ ಬರಲೇ ಇಲ್ರಿ ಕಾಕಾ" ಎಂದೆ.

ಅವರು ನನ್ನನ್ನು ಗದರಿಸುವ ಹಾಗೆ ನೋಡಿದರು. "ಹಾಗೆ ಹೇಳ್ಬೇಡ. ಬಾರದೇ ಇರ್ಲಿ ಮಾರಾಯ. ನಾನು ಸುಳ್ಳ ಅಂತಲೇ ಆಗ್ಲಿ."

ಅಷ್ಟು ಹೇಳಿ ಒಳಗೆ ಹೋದರು. ತಿರುಗಿ ನೋಡಲಿಲ್ಲ.

ಮುಂದಿನ ವರ್ಷವೂ ಕಾಲ ಸುಧಾರಿಸಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ನಾನು ಸೀಬ್‌ನ ಸೈಟಿನಲ್ಲಿದ್ದೆ. ನಮ್ಮ ತಲೆಯ ಮೇಲೆ ಬಿಸಿಲಿತ್ತು. ದೂರದ ಬೆಟ್ಟಗಳ ಮೇಲೆ ಮಾತ್ರ ಅಡಿಗೆಮನೆಯ ಮಾಡಿನಂಥ ಮಸಿ ಬಣ್ಣ. ಗುಡುಗು ಕೂಡ ಕೇಳಲಿಲ್ಲ. ಕೆಲಸದವರೊಬ್ಬರು ಕೈ ಚಾಚಿ, ನಾಲ್ಕು ಹನಿ ಬಿತ್ತು ಎಂದರು. ಅದೂ ನಿಂತಿತು.

ರಾತ್ರಿ ವಾದಿಯಲ್ಲಿ ನೀರು ಬಂದು ಒಳಗಿನ ರಸ್ತೆ ಮುಚ್ಚಿದೆಯೆಂದು ಮರುದಿನ ಬೆಳಿಗ್ಗೆ ಸುದ್ದಿ ಬಂತು. ಪಿಕಪ್ಪಿನಲ್ಲಿ ಎಷ್ಟು ಹೋಗಲಾದೀತೋ ಅಷ್ಟು ಹೋಗಿ, ಉಳಿದದ್ದನ್ನು ನಡೆದೆ. ಯಾರ್ಡು ಇರಲಿಲ್ಲ. ಬೇಲಿ, ಗೇಟು, ಪೈಪುಗಳ ರಾಶಿ ಯಾವುದೂ ಇಲ್ಲ. ಆಳು ಹೊಗುವಷ್ಟು ದಪ್ಪದ ಪೈಪುಗಳು ದೂರದ ಮೋರಿಗೆ ಬೆಂಕಿಕಡ್ಡಿಗಳಂತೆ ಚುಚ್ಚಿಕೊಂಡಿದ್ದವು. ಅವುಗಳ ನಡುವೆ ಒಂದು ಕ್ಯಾಬಿನ್ ಅಡ್ಡ ಬಿದ್ದಿತ್ತು, ಬಾಗಿಲಿನ ಬೀಗ ಹಾಗೇ ಇತ್ತು. ಕಿಟಕಿಯ ಮೇಲಂಚಿನವರೆಗೆ ಒಳಗೆ ಕೆಸರು ತುಂಬಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿ ಓದಲು ಬರುತ್ತಿತ್ತು. ಒಂದು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ದಂಡೆಯ ಮೇಲಿನಿಂದ ಕಾವಲಿನ ಮುದುಕ ಇಳಿದು ಬಂದು ಒಂದು ಲೋಟ ಕಪ್ಪು ಕಾಫಿ ಕೊಟ್ಟ. ಆಮೇಲೆ ಕೇಳಿದ: "ವೈನ್ ಕ್ಯಾಂಪ್ ಬಾಸ್?" ಎಲ್ಲಿ ನಿಮ್ಮ ಕ್ಯಾಂಪ್ ಬಾಸ್?

"ಹಿಂದ್" ಎಂದೆ. ಹಿಂದೂಸ್ಥಾನಕ್ಕೆ ಹೋದರು. ಅವನು ತಲೆಯಾಡಿಸಿದ.

ರಜೆಗೆ ಹೋದಾಗ ಗದಗಿಗೆ ಹೋಗುವ ಮೊದಲು ಮಂಗಳೂರಿನಲ್ಲಿ ಇಳಿದೆ. ಕಾಕಾ ಗೇರುಬೀಜದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದರು. ಫ್ಯಾಕ್ಟರಿಯ ಹಿಂದೆಯೇ ಬಾಡಿಗೆಯ ಮನೆ. ಗಾಳಿಯಲ್ಲೆಲ್ಲ ಸುಟ್ಟ ಗೇರುಸಿಪ್ಪೆಯ ಘಾಟು. ತುಂಬ ಇಳಿದುಹೋಗಿದ್ದರು. ನನ್ನನ್ನು ಕಂಡು "ಓ, ಬಾ ಬಾ" ಎಂದು ಎದ್ದವರು, ನನ್ನ ಮುಖ ನೋಡಿ ಅಲ್ಲೇ ನಿಂತರು.

"ನೀರು ಬಂತ್ರಿ ಕಾಕಾ" ಎಂದೆ.

ಅವರು ಕುರ್ಚಿಯ ಹಿಡಿಕೆ ಹಿಡಿದುಕೊಂಡರು. "ಯಾರಾದ್ರೂ ಇದ್ರಾ ಅಲ್ಲಿ?"

"ಯಾರೂ ಇದ್ದಿಲ್ರಿ."

"ಆ ಮುದುಕ?"

"ದಂಡಿ ಮ್ಯಾಲೆ ಇದ್ದ. ಆರಾಮದಾನ. ನಾನೇ ನೋಡೇನ್ರಿ, ಅವನ ಕೈಯಾಗಿನ ಕಾಫಿ ಕುಡಿದೇನಿ."

"ಸಾಮಾನು ತರ್ಲಿಕ್ಕೆ, ಇಡ್ಲಿಕ್ಕೆ ಅಂತ ಯಾರೂ ಹೋಗಿರ್ಲಿಲ್ವಾ? ಸರಿ ವಿಚಾರಿಸಿದ್ದೀಯಾ?"

"ಯಾರೂ ಇಲ್ರಿ ಕಾಕಾ. ಒಬ್ಬರೂ ಇಲ್ಲ."

ಅವರು ಮೆಲ್ಲಗೆ ಕೂತರು. ಗೆದ್ದೆ ಎಂಬ ಭಾವ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಆಮೇಲೆ ಒಳಗೆ ಕೂಗಿ, "ಇವನಿಗೆ ಊಟ ಹಾಕು, ದೂರದಿಂದ ಬಂದಿದ್ದಾನೆ" ಎಂದರು. ನಾನು ಉಣ್ಣುವವರೆಗೂ ಎದುರಿಗೆ ಕೂತು ನೋಡಿದರು. ಎರಡು ಸಲ ತಾವೇ ಎದ್ದು ನನ್ನ ಎಲೆಗೆ ಸಾರು ಬಡಿಸಿದರು.

ಹೊರಡುವಾಗ ಅವರ ಹೆಂಡತಿ ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಬಂದಾಗಿನಿಂದ ದಿನಾ ರೇಡಿಯೋ ಹಚ್ಚಿ ಮಸ್ಕತ್ತಿನ ಸುದ್ದಿ ಬರ್ತದಾ ಅಂತ ಕಾಯ್ತಿದ್ರು. ಎಂತ ಸುದ್ದಿ ಅಂತ ಕೇಳಿದ್ರೆ ಹೇಳುದಿಲ್ಲ. ಇನ್ನಾದ್ರೂ ಸ್ವಲ್ಪ ನಿದ್ದೆ ಮಾಡಿಯಾರು."

ಮುಂದಿನ ಮಳೆಗಾಲದಲ್ಲಿ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ನಾನಾಗ ಮಸ್ಕತ್ತಿನಲ್ಲಿದ್ದೆ. ಸುದ್ದಿ ತಿಳಿಸೋಣವೆಂದರೆ ಅಂದು ಅಂಗಳದಲ್ಲಿ ನಿಂತು ಅವರ ಮಾತು ಕೇಳಿದವರಲ್ಲಿ ಒಬ್ಬರೂ ಹತ್ತಿರ ಉಳಿದಿರಲಿಲ್ಲ. ಯಾರ್ಡು ಕೊಚ್ಚಿಹೋಗುವ ಮೊದಲೇ ಹೆಚ್ಚಿನವರನ್ನು ಕಂಪನಿ ಊರಿಗೆ ಕಳಿಸಿಬಿಟ್ಟಿತ್ತು. ಹೊಸದಾಗಿ ಬಂದವರು ಆ ಹಾಸಿಗೆಗಳಲ್ಲಿ ಮಲಗುತ್ತಿದ್ದರು, ಅವರಿಗೆ ಕಾಕಾ ಯಾರೆಂದೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆಮೇಲೆ ನನಗೆ ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳಿಗೂ ಈಗ ಮಕ್ಕಳಿದ್ದಾರೆ. ಅಷ್ಟೂ ವರ್ಷಗಳು ನನಗೆ ಬಂದದ್ದು ಎಲ್ಲಿಂದ ಎಂಬುದನ್ನು ಬಲ್ಲವನು ನಾನೊಬ್ಬನೇ ಉಳಿದಿದ್ದೇನೆ. ಅದಕ್ಕೇ ಬರೆದಿಟ್ಟೆ.